ಅಗ್ನಿಶಾಮಕ ಕೆಲಸ ದಿನಾ ಮಾಡಲು ಹಿಡಿಸುತ್ತದಾ? ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು, ಅವರ ಮನೆಯವರು, ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದವರು ಕೇಳುವ ಪ್ರಶ್ನೆಗಳಿವು. ಮಡಿಕೇರಿ, ಸೋಮವಾರಪೇಟೆ, ಕುಶಾಲನಗರ, ಗೋಣಿಕೊಪ್ಪ ಕಡೆಯ ಗುಡ್ಡ, ಹೊಳೆ, ತೋಟಗಳನ್ನು ಕಣ್ಣ ಮುಂದಿಟ್ಟುಕೊಂಡು ಉತ್ತರಿಸಿದ್ದೇವೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳ ಲೆಕ್ಕವೇ ಬೇರೆ.

ಸುತ್ತುಬಳಸದೆ ಹೇಳಿ, ಈ ಕೆಲಸ ಖುಷಿ ಕೊಡುತ್ತದಾ?

ಕೊಡುತ್ತದೆ. ಆದರೆ ಕರೆ ಬಾರದ ದಿನವೂ ನಿಮಗೆ ಹಿಡಿಸಬೇಕು. ವರ್ಷದ ಹೆಚ್ಚಿನ ದಿನಗಳು ಅಂಥವೇ. ಪೈಪ್ ತೊಳೆದು ಒಣಗಿಸುವುದು, ವಾಷರ್ ಬದಲಿಸುವುದು, ಅದೇ ಗಂಟನ್ನು ನೂರನೇ ಸಲ ಹಾಕುವುದು ಬೇಸರ ತರಿಸದವರಿಗೆ ಈ ಕೆಲಸ ಒಗ್ಗುತ್ತದೆ. ಉರಿಯುವ ಮನೆಗೆ ನುಗ್ಗುವ ಚಿತ್ರವೊಂದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬಂದವರು ಎರಡನೇ ವರ್ಷಕ್ಕೇ ದಣಿಯುತ್ತಾರೆ, ಏಕೆಂದರೆ ಆ ಚಿತ್ರ ಅಪರೂಪಕ್ಕೆ ಎದುರಾಗುತ್ತದೆ. ಎದುರಾದ ದಿನ ಅದರಲ್ಲಿ ಖುಷಿಪಡುವಂಥದ್ದು ಏನೂ ಇರುವುದಿಲ್ಲ, ಯಾರದ್ದೋ ಮನೆ ಸುಡುತ್ತಿರುತ್ತದೆ.

ಕರೆ ಬಾರದ ದಿನ ಠಾಣೆಯಲ್ಲಿ ಏನು ಮಾಡುತ್ತಾರೆ?

ಬೆಳಿಗ್ಗೆ ಹಾಜರಿ, ವ್ಯಾಯಾಮ, ಕವಾಯತು. ಆಮೇಲೆ ವಾಹನದ ತಪಾಸಣೆ: ಡೀಸೆಲ್, ಇಂಜಿನ್ ಆಯಿಲ್, ರೇಡಿಯೇಟರ್ ನೀರು, ಬ್ಯಾಟರಿ, ಟಯರ್, ಬ್ರೇಕಿನ ಗಾಳಿ, ಸೈರನ್, ದೀಪ, ಟ್ಯಾಂಕಿನ ನೀರು. ನೋಡಿದ್ದನ್ನೆಲ್ಲ ಪುಸ್ತಕದಲ್ಲಿ ಬರೆಯಬೇಕು.

ಈ ಕೆಲಸದ ಸ್ವಭಾವ ಅರಿಯಲು ಪಂಪಿನ ಪರೀಕ್ಷೆಯೊಂದನ್ನು ನೋಡಿದರೆ ಸಾಕು. ಎಲ್ಲ ವಾಲ್ವ್ ಮುಚ್ಚಿ, ನೀರು ಹೀರುವ ಸಕ್ಷನ್ ಬಾಯಿಗೆ ಮುಚ್ಚಳ ಬಿಗಿದು, ಪ್ರೈಮರ್ ಓಡಿಸಿ ಒಳಗಿನ ಗಾಳಿಯನ್ನು ಎಳೆಯುತ್ತಾರೆ. ವ್ಯಾಕ್ಯೂಮ್ ಗೇಜಿನ ಸೂಜಿ ಏರುತ್ತದೆ. ಪ್ರೈಮರ್ ನಿಲ್ಲಿಸಿದ ಮೇಲೆ ಒಂದು ನಿಮಿಷ ಸೂಜಿ ಕದಲಬಾರದು. ಇಳಿಯಿತೆಂದರೆ ಎಲ್ಲೋ ಗಾಳಿ ಒಳಗೆ ಬರುತ್ತಿದೆ. ಹತ್ತರಲ್ಲಿ ಎಂಟು ಸಲ ಕಾರಣ ಸಣ್ಣದು: ನೀರು ಬಸಿಯುವ ಡ್ರೈನ್ ಕಾಕ್ ಪೂರ್ತಿ ಮುಚ್ಚಿಲ್ಲ, ಇಲ್ಲವೇ ಜೋಡಣೆಯೊಳಗಿನ ರಬ್ಬರ್ ವಾಷರ್ ಮಡಚಿಕೊಂಡಿದೆ. ಠಾಣೆಯಲ್ಲಿ ಇದು ಎರಡು ನಿಮಿಷದ ರಿಪೇರಿ. ರಾತ್ರಿ ಎರಡು ಗಂಟೆಗೆ ತೋಟದ ಕೆರೆಯ ಪಕ್ಕದಲ್ಲಿ ಗೊತ್ತಾದರೆ ಪಂಪ್ ಎಷ್ಟು ಕೂಗಿದರೂ ನೀರು ಮೇಲೇರುವುದಿಲ್ಲ.

ಪೈಪಿನ ಕೆಲಸವೂ ಅಷ್ಟೇ. ಬಳಸಿದ ಪೈಪನ್ನು ತೊಳೆದು, ನೀರು ಬಸಿದು, ನೆರಳಲ್ಲಿ ತೂಗಿಹಾಕಿ, ಪೂರ್ತಿ ಒಣಗಿದ ಮೇಲೆ ಸುತ್ತಬೇಕು. ಸುತ್ತುವಾಗ ಹಳೆಯ ಮಡಿಕೆಯ ಜಾಗ ತಪ್ಪಿಸಿ ಹೊಸ ಜಾಗದಲ್ಲಿ ಮಡಚಬೇಕು, ಇಲ್ಲದಿದ್ದರೆ ಒಳಗಿನ ರಬ್ಬರ್ ಅದೇ ಗೆರೆಯಲ್ಲಿ ಬಿರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಬಟ್ಟೆಯೇ ಒಣಗದು, ಇನ್ನು ಪೈಪ್ ಎಲ್ಲಿ ಒಣಗಬೇಕು? ಆದ್ದರಿಂದ ಇಲ್ಲಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ಮಳೆಗಾಲದ ಒಂದು ಕೆಲಸ.

ಇದರ ಜೊತೆಗೆ ಶಾಲೆ, ಆಸ್ಪತ್ರೆ, ಪೆಟ್ರೋಲ್ ಬಂಕುಗಳಲ್ಲಿ ಅಣಕು ಪ್ರದರ್ಶನ ಮತ್ತು ಕಟ್ಟಡಗಳ ಸುರಕ್ಷತಾ ಪರಿಶೀಲನೆ ಇರುತ್ತವೆ. ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟೈಕೀನ್ ಹಡಗು ಸಿಡಿದು ಪ್ರಾಣ ಕೊಟ್ಟ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಆ ದಿನವನ್ನು ಆಚರಿಸುತ್ತಾರೆ.

ಕೊಡಗಿನಲ್ಲಿ ಯಾವ ಕರೆಗಳು ಬರುತ್ತವೆ?

ಋತು ನೋಡಿ ಹೇಳಬಹುದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆಗ ಕಣ, ಗೋದಾಮು, ತೋಟದ ಕಾರ್ಮಿಕರ ಲೈನ್‌ಮನೆಗಳ ಬೆಂಕಿ. ಫೆಬ್ರವರಿಯಿಂದ ಕಾಫಿ ಹೂವರಳಿಸುವ ಹೂಮಳೆ ಬೀಳುವವರೆಗೆ ಒಣಹುಲ್ಲು, ಬಿದಿರು, ಲಂಟಾನ ಪೊದೆಗಳ ಬೆಂಕಿ. ಏಪ್ರಿಲ್, ಮೇ ತಿಂಗಳಲ್ಲಿ ಪ್ರವಾಸಿಗರ ದಟ್ಟಣೆ, ಹೊಳೆ ಮತ್ತು ಜಲಪಾತಗಳಲ್ಲಿ ಮುಳುಗಿದವರ ಕರೆ. ಜೂನ್‌ನಿಂದ ಮರ ಬೀಳುವುದು, ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕುಸಿಯುವುದು, ಪ್ರವಾಹ. ಭಾಗಮಂಡಲದ ಸಂಗಮ ಮುಳುಗುತ್ತದೆ, ಸಿದ್ದಾಪುರದ ಕರಡಿಗೋಡಿನಲ್ಲಿ ಹೊಳೆದಂಡೆಯ ಮನೆಗಳಿಗೆ ನೀರು ನುಗ್ಗುತ್ತದೆ, ಕುಶಾಲನಗರದ ಬಡಾವಣೆಗಳಲ್ಲಿ ದೋಣಿ ಬೇಕಾಗುತ್ತದೆ. ವರ್ಷವಿಡೀ ರಸ್ತೆ ಅಪಘಾತ, ಗ್ಯಾಸ್ ಸೋರಿಕೆ, ಬಾವಿಗೆ ಬಿದ್ದ ದನ.

ಪಟ್ಟಿ ನೋಡಿದರೆ ಇಲ್ಲಿನ ಕೆಲಸ ಬೆಂಕಿಗಿಂತ ನೀರು, ಮಣ್ಣು, ಮರಗಳದ್ದು ಎಂದು ಗೊತ್ತಾಗುತ್ತದೆ. ಈ ವೈವಿಧ್ಯವೇ ಹಲವರಿಗೆ ಈ ಜಿಲ್ಲೆಯನ್ನು ಇಷ್ಟವಾಗಿಸುವುದು.

ಮರ ಕಡಿಯುವುದರಲ್ಲಿ ಏನಿದೆ? ಅದು ತೋಟದ ಯಾರು ಬೇಕಾದರೂ ಮಾಡುವ ಕೆಲಸವಲ್ಲವೇ?

ನಿಂತ ಮರವನ್ನು ಯೋಜಿಸಿ ಉರುಳಿಸುವುದಕ್ಕೂ ಗಾಳಿಗೆ ಬಿದ್ದು ಮನೆಯ ಮೇಲೆ ಒರಗಿದ ಮರವನ್ನು ಬಿಡಿಸುವುದಕ್ಕೂ ತುಂಬಾ ವ್ಯತ್ಯಾಸವಿದೆ. ಬಿದ್ದ ಮರದೊಳಗೆ ಸ್ಪ್ರಿಂಗಿನಂತೆ ಬಿಗಿತ ಇರುತ್ತದೆ. ಎರಡೂ ತುದಿ ಆಸರೆಯ ಮೇಲಿದ್ದು ನಡು ತೂಗುತ್ತಿದ್ದರೆ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಎಳೆದುಕೊಂಡಿರುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಮಾತ್ರ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯಬೇಕು. ಒಂದೇ ತುದಿ ಆಸರೆಯಲ್ಲಿದ್ದು ಇನ್ನೊಂದು ಚಾಚಿಕೊಂಡಿದ್ದರೆ ಕ್ರಮ ತಲೆಕೆಳಗು: ಮೊದಲು ಅಡಿಯಿಂದ, ಆಮೇಲೆ ಮೇಲಿನಿಂದ. ಕ್ರಮ ತಪ್ಪಿದರೆ ಗರಗಸದ ಪಟ್ಟಿ ಮರದೊಳಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ದಿಮ್ಮಿ ಸೀಳಿ ಕೊಯ್ಯುವವನ ಎದೆಗೆ ಬರುತ್ತದೆ. ಸಿಲ್ವರ್ ಓಕ್ ಬೇಗ ಸೀಳುವ ಮರ, ಅದರ ಮುಂದೆ ಎಂದೂ ನೇರಕ್ಕೆ ನಿಲ್ಲಬಾರದು.

ಇನ್ನೊಂದು ಅಪಾಯ ಬುಡದ್ದು. ಬೇರುಸಮೇತ ಕಿತ್ತ ಮರದ ಕಾಂಡ ಕತ್ತರಿಸಿದ ಕೂಡಲೇ ಮಣ್ಣು ಹಿಡಿದ ಬುಡ ಒಮ್ಮೆಗೇ ಹಿಂದಕ್ಕೆ ನೆಟ್ಟಗಾಗುತ್ತದೆ. ಆ ಗುಂಡಿಯೊಳಗೆ ಯಾರೂ ಇಲ್ಲವೆಂದು ನೋಡಿಕೊಳ್ಳಲು ಒಬ್ಬರನ್ನು ಬೇರೆಯೇ ನಿಲ್ಲಿಸುತ್ತಾರೆ.

ವಿದ್ಯುತ್ ತಂತಿ ತೊಡರಿಕೊಂಡಿದ್ದರೆ ಲೈನ್‌ಮನ್ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಆ ಲೈನಿನ ಕರೆಂಟ್ ಕಡಿತ) ತೆಗೆದುಕೊಂಡಿರುವುದು ಖಚಿತವಾಗುವವರೆಗೆ ಗರಗಸ ಎತ್ತುವಂತಿಲ್ಲ. ಖಚಿತವಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಪಕ್ಕದ ಮನೆ, ಹೋಮ್‌ಸ್ಟೇಗಳಲ್ಲಿ ಜನರೇಟರ್ ಓಡುತ್ತಿದೆಯೇ? ಚೇಂಜ್‌ಓವರ್ ಸ್ವಿಚ್ (ಲೈನು, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಇಲ್ಲದೆ ಜೋಡಿಸಿದ ಜನರೇಟರಿನಿಂದ ಸತ್ತ ಲೈನಿಗೆ ಕರೆಂಟ್ ಹಿಮ್ಮುಖವಾಗಿ ಬರಬಹುದು.

ವಾಹನದಲ್ಲಿ ಎಷ್ಟು ನೀರು ಇರುತ್ತದೆ? ಎಷ್ಟು ಹೊತ್ತಿಗೆ ಸಾಕು?

ನೀರು ಹೊತ್ತು ಹೋಗುವ ಸಾಮಾನ್ಯ ಅಗ್ನಿಶಾಮಕ ವಾಹನ, ಅಂದರೆ ವಾಟರ್ ಟೆಂಡರಿನ ಟ್ಯಾಂಕ್ 4,500 ಲೀಟರ್. 12 ಮಿಲಿಮೀಟರ್ ಚಿಲ್ಲರೆಯ ಸಣ್ಣ ನಳಿಕೆಯಲ್ಲಿ 7 ಬಾರ್ ಒತ್ತಡಕ್ಕೆ ನಿಮಿಷಕ್ಕೆ ಸುಮಾರು 280 ಲೀಟರ್ ಹೋಗುತ್ತದೆ. ಅಂದರೆ ಹದಿನಾರು ನಿಮಿಷ. 20 ಮಿಲಿಮೀಟರ್ ನಳಿಕೆ ಹಾಕಿದರೆ ನಿಮಿಷಕ್ಕೆ 700 ಲೀಟರ್, ಆರು ನಿಮಿಷಕ್ಕೆ ಟ್ಯಾಂಕ್ ಖಾಲಿ. ಹೋಸ್‌ರೀಲಿನ (ವಾಹನದಲ್ಲೇ ಸುತ್ತಿಟ್ಟ ಸಣ್ಣ ಪೈಪು) ತುಂತುರಿನಲ್ಲಿ ನಿಮಿಷಕ್ಕೆ ನೂರರ ಆಸುಪಾಸು, ಮುಕ್ಕಾಲು ಗಂಟೆಯವರೆಗೆ ಬರುತ್ತದೆ. ದೊಡ್ಡ ನೀರು ಬಿಟ್ಟರೆ ಸುತ್ತ ನಿಂತವರಿಗೆ ಸಮಾಧಾನವಾಗಬಹುದು. ಬ್ರಾಂಚ್ (ಪೈಪಿನ ತುದಿಯ ನಳಿಕೆ) ಹಿಡಿದವನು ಮಾತ್ರ ಮುಂದಿನ ನೀರು ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕುತ್ತಿರಬೇಕು.

ಕೊಡಗಿನಲ್ಲಿ ಮುಂದಿನ ನೀರೆಂದರೆ ತೋಟದ ಕೆರೆ. ತೊಡಕು ಅಲ್ಲೇ ಇದೆ. ಬೆಂಕಿ ಹೆಚ್ಚುವ ಫೆಬ್ರವರಿ, ಮಾರ್ಚಿನಲ್ಲೇ ರೊಬಸ್ಟಾ ಕಾಫಿ ತೋಟಗಳಿಗೆ ಹೂವಿಗಾಗಿ ಸ್ಪ್ರಿಂಕ್ಲರ್ ಹೊಡೆದು ಕೆರೆ ತಳ ಕಂಡಿರುತ್ತದೆ. ದಡದಿಂದ ನೀರಿನ ಮಟ್ಟ ಐದಾರು ಮೀಟರ್ ಕೆಳಗೆ ಹೋದರೆ ಪಂಪಿಗೆ ಎಳೆಯಲು ಕಷ್ಟ. ಪಂಪ್ ನೀರನ್ನು ತಾನಾಗಿ ಎಳೆಯುವುದಿಲ್ಲ, ಒಳಗೆ ಗಾಳಿ ಖಾಲಿಯಾದಾಗ ಹೊರಗಿನ ವಾಯುವಿನ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ಹತ್ತು ಮೀಟರಿಗೆ ತುಸು ಹೆಚ್ಚಿನ ನೀರಿನ ಕಂಬಕ್ಕೆ ಸಮ. ಮಡಿಕೇರಿ ಇರುವುದು 1,100 ಮೀಟರಿಗೂ ಮೇಲೆ, ಇಲ್ಲಿ ಅದು ಒಂಬತ್ತರ ಸುತ್ತಮುತ್ತ. ಘರ್ಷಣೆ, ಸಣ್ಣಪುಟ್ಟ ಸೋರಿಕೆ ಕಳೆದರೆ ಬಯಲುಸೀಮೆಯಲ್ಲಿ ಏಳು ಮೀಟರ್ ಎಂದು ಕಲಿತದ್ದನ್ನು ಇಲ್ಲಿ ಆರು ಎಂದು ಹಿಡಿಯಬೇಕು.

ನೀರು ಎಳೆಯುವ ಪೈಪಿನ ತುದಿಯ ಜಾಲರಿ, ಅಂದರೆ ಸ್ಟ್ರೈನರನ್ನು ಕೆರೆಗೆ ಸುಮ್ಮನೆ ಎಸೆದರೆ ಕೆಸರು, ಕೊಳೆತ ಎಲೆ ಹೀರಿ ಕಟ್ಟಿಕೊಳ್ಳುತ್ತದೆ. ಬಿದಿರಿನ ಬುಟ್ಟಿಯೊಳಗಿಟ್ಟು, ಹಗ್ಗ ಕಟ್ಟಿ, ತಳದಿಂದ ಮೇಲೆ ತೂಗುವಂತೆ ಬಿಡುತ್ತಾರೆ. ತೀರಾ ಮೇಲಿದ್ದರೆ ಸುಳಿ ಎದ್ದು ಗಾಳಿ ಹೊಕ್ಕುತ್ತದೆ. ಪೈಪಿನ ವ್ಯಾಸದ ಮೂರು ಪಟ್ಟಾದರೂ ನೀರೊಳಗೆ ಇರಬೇಕು.

ಕೆರೆಯಿಂದ ಮನೆ ಎತ್ತರದಲ್ಲಿದ್ದರೆ ಪ್ರತಿ ಹತ್ತು ಮೀಟರ್ ಏರಿಗೆ ಒಂದು ಬಾರ್ ಒತ್ತಡ ಅಲ್ಲೇ ಕಳೆದುಹೋಗುತ್ತದೆ. 63 ಮಿಲಿಮೀಟರ್ ವ್ಯಾಸದ, 15 ಮೀಟರ್ ಉದ್ದದ ಒಂದು ಪೈಪಿನಲ್ಲಿ ನೀರು ತುಂಬಿದಾಗ ನೀರಿನ ತೂಕವೇ 47 ಕೆ.ಜಿ., ಹೆಚ್ಚುಕಡಿಮೆ ಒಂದು ಚೀಲ ಚೆರಿ ಕಾಫಿ. ನೀರು ಬಿಟ್ಟ ಮೇಲೆ ಅದನ್ನು ಗುಡ್ಡಕ್ಕೆ ಎಳೆಯುವುದಕ್ಕಾಗುವುದಿಲ್ಲ. ಮೊದಲು ಪೈಪ್ ಹಾಸಬೇಕು, ಆಮೇಲೆ ನೀರು ಕೇಳಬೇಕು. ಹೊಸಬರು ಹೆಚ್ಚಾಗಿ ತಪ್ಪುವುದು ಈ ಕ್ರಮದಲ್ಲಿ.

ಕಾಫಿ ಗೋದಾಮಿನ ಬೆಂಕಿ ಆರಿಸಲು ಇಡೀ ದಿನ ಬೇಕೇ?

ಬೇಕು, ಕೆಲವೊಮ್ಮೆ ಎರಡು ದಿನ. ಸೆಣಬಿನ ಚೀಲಗಳ ಅಟ್ಟಿಯಲ್ಲಿ ಬೆಂಕಿ ಜ್ವಾಲೆಯಿಲ್ಲದೆ ಒಳಗೊಳಗೇ ಕೆಂಡವಾಗಿ ಸರಿಯುತ್ತದೆ. ಮೇಲೆ ಹೊಯ್ದ ನೀರು ಹೊರಚೀಲವನ್ನು ತೋಯಿಸಿ ಹರಿದುಹೋಗುತ್ತದೆ, ಒಳಕ್ಕೆ ಇಳಿಯುವುದಿಲ್ಲ. ಅಟ್ಟಿಯನ್ನು ಬಿಚ್ಚಿ, ಚೀಲವನ್ನು ಹೊರಗೆ ಸಾಗಿಸಿ, ಕೊಯ್ದು, ಹರವಿ, ನೆನೆಸಿಯೇ ತೀರಬೇಕು. ಇತ್ತ ನೀರು ಕುಡಿದ ಕಾಳು ಉಬ್ಬಿ ಅಟ್ಟಿ ವಾಲತೊಡಗುತ್ತದೆ, ಅದರ ಬುಡದಲ್ಲಿ ನಿಲ್ಲಬಾರದು. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೊಟ್ಟಿನ ರಾಶಿ ಇದ್ದರೆ ರಭಸದ ಧಾರೆ ಹಾಯಿಸುವಂತೆಯೇ ಇಲ್ಲ. ಎದ್ದ ದೂಳು ಗಾಳಿಯಲ್ಲಿ ಹೊತ್ತಿಕೊಂಡು ಸಿಡಿಯಬಹುದು. ತುಂತುರಿನಿಂದ ಮೆಲ್ಲಗೆ ತೋಯಿಸಬೇಕು.

ಗೆದ್ದ ಭಾವ ಇಲ್ಲಿ ಸಿಗುವುದಿಲ್ಲ. ಬೆನ್ನು ನೋವು, ಹೊಗೆ, ಸುಟ್ಟ ಕಾಫಿಯ ಕಮಟು, ಒಂದು ವರ್ಷದ ದುಡಿಮೆ ಕಳೆದುಕೊಂಡು ಪಕ್ಕದಲ್ಲೇ ನಿಂತ ಬೆಳೆಗಾರ. ಆದರೂ ಅರ್ಧ ಅಟ್ಟಿಯನ್ನಾದರೂ ಒಣಗಿದ್ದಂತೆಯೇ ಉಳಿಸಿಕೊಟ್ಟರೆ ಅದರ ಬೆಲೆ ಎಷ್ಟೆಂದು ಈ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕಾಡ್ಗಿಚ್ಚನ್ನೂ ಇವರೇ ಆರಿಸುತ್ತಾರಾ?

ಕಾಡಿನೊಳಗೆ ಮುಖ್ಯ ಹೊಣೆ ಅರಣ್ಯ ಇಲಾಖೆಯದ್ದು. ಬೆಂಕಿ ದಾಟದಂತೆ ಹುಲ್ಲು, ಪೊದೆ ಸವರಿ ಬೆಂಕಿ ರೇಖೆ ಮಾಡುವುದು, ಬೆಂಕಿ ಕಾವಲುಗಾರರನ್ನು ನೇಮಿಸುವುದು ಅವರ ಕೆಲಸ. ರಸ್ತೆಗೆ ಹತ್ತಿರದ ಬೆಂಕಿ, ತೋಟ ಮತ್ತು ಊರಿನತ್ತ ಬರುವ ಬೆಂಕಿಗೆ ಅಗ್ನಿಶಾಮಕ ವಾಹನ ಹೋಗುತ್ತದೆ. ಬ್ರಹ್ಮಗಿರಿ, ತಡಿಯಂಡಮೋಳ್, ಪುಷ್ಪಗಿರಿಯ ಹುಲ್ಲುಬೆಟ್ಟಗಳಿಗೆ ವಾಹನ ಏರದು. ಅಲ್ಲಿ ಹಸಿ ಸೊಪ್ಪಿನ ಕೊಂಬೆ, ಬ್ಲೋವರ್, ಕತ್ತಿಗಳೇ ಸಾಧನ. ಬೆಂಕಿ ಏರಿನಲ್ಲಿ ಓಡುತ್ತದೆ, ಇಳಿಜಾರು ಹತ್ತು ಡಿಗ್ರಿ ಹೆಚ್ಚಾದಂತೆ ವೇಗ ಹೆಚ್ಚುಕಡಿಮೆ ದುಪ್ಪಟ್ಟು. ಆದ್ದರಿಂದ ಉರಿಯುವ ಇಳಿಜಾರಿನ ಮೇಲ್ತುದಿಯಲ್ಲಿ ಎಂದೂ ನಿಲ್ಲಬಾರದು. ಆಗಲೇ ಸುಟ್ಟು ಕರಿಯಾದ ನೆಲದ ಕಡೆಯಿಂದ, ಪಕ್ಕಗಳಿಂದ ಹತ್ತಿರ ಹೋಗಬೇಕು.

ಗ್ಯಾಸ್ ಸೋರಿಕೆ ಕರೆಗೆ ಹೋದರೆ ಏನು ಮಾಡುತ್ತಾರೆ?

ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಎರಡು ಶೇಕಡಾ ಸೇರಿದರೂ ಹೊತ್ತಿಕೊಳ್ಳಬಲ್ಲದು. ಸ್ವಿಚ್ ಹಾಕುವಂತೆಯೂ ಇಲ್ಲ, ಆರಿಸುವಂತೆಯೂ ಇಲ್ಲ. ಬಾಗಿಲು ಕಿಟಕಿ ತೆರೆದು, ರೆಗ್ಯುಲೇಟರ್ ಮುಚ್ಚಿ ಕಳಚಿ, ಸೇಫ್ಟಿ ಕ್ಯಾಪ್ ಒತ್ತಿ, ಸಿಲಿಂಡರನ್ನು ಬಯಲಿಗೆ ಸಾಗಿಸುತ್ತಾರೆ. ಹೆಚ್ಚಿನ ಸೋರಿಕೆಗೆ ಕಾರಣ ಬಾಯಲ್ಲಿರುವ ಸಣ್ಣ ರಬ್ಬರ್ ರಿಂಗ್ ಹರಿದಿರುವುದು. ಬಾಯಲ್ಲಿ ಉರಿ ಹತ್ತಿದ್ದು, ವಾಲ್ವ್ ಮುಚ್ಚಲು ಆಗುವಂತಿಲ್ಲದಿದ್ದರೆ ಉರಿಯನ್ನು ಆರಿಸುವುದಿಲ್ಲ, ಸಿಲಿಂಡರನ್ನು ನೀರಿನಿಂದ ತಂಪಾಗಿಡುತ್ತಾರೆ. ಆರಿಸಿದರೆ ಅನಿಲ ಕಾಣದಂತೆ ಹರಡಿ ಆಮೇಲೆ ಒಮ್ಮೆಗೇ ಹೊತ್ತಿಕೊಳ್ಳುತ್ತದೆ.

ಎಲ್ಲಕ್ಕಿಂತ ಅಪಾಯದ ಕರೆ ಯಾವುದು?

ಎಲ್ಲರೂ ದೊಡ್ಡ ಬೆಂಕಿ ಎಂದುಕೊಳ್ಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಸದ್ದಿಲ್ಲದ ಗುಂಡಿ. ಹಳೆಯ ಬಾವಿ, ಮಲದ ಗುಂಡಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಕೊಳೆನೀರು ನಿಲ್ಲುವ ತೊಟ್ಟಿ. ಕಾಫಿ ಪಲ್ಪಿಂಗ್ ನೀರು ಕೊಳೆತರೆ ಆಮ್ಲಜನಕ ಉಳಿಯುವುದಿಲ್ಲ, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯೇ ಸತ್ತು ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದು ಇಳಿದವನು ಏಣಿಯ ಮೂರನೇ ಮೆಟ್ಟಿಲಲ್ಲಿ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಅಣ್ಣ, ಅಣ್ಣನನ್ನು ಎತ್ತಲು ಇಳಿದ ಪಕ್ಕದ ಮನೆಯವನು, ಹೀಗೆ ಸಾಲಾಗಿ ಸಾಯುತ್ತಾರೆ.

ಮೇಣದಬತ್ತಿ ಇಳಿಸಿ ನೋಡುವ ಪದ್ಧತಿಯನ್ನು ನಂಬಬೇಡಿ, ದೀಪ ಉರಿಯುತ್ತಿದ್ದರೂ ವಿಷಾನಿಲ ಇರಬಹುದು. ಒಳಗೆ ಡೀಸೆಲ್ ಪಂಪ್ ಇಳಿಸಿ ಓಡಿಸಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿರುತ್ತದೆ. ಸಿಬ್ಬಂದಿ ಇಳಿಯುವುದು ಬಿಎ ಸೆಟ್ (ಬೆನ್ನಿನ ಸಿಲಿಂಡರಿನಿಂದ ಉಸಿರಾಟಕ್ಕೆ ಗಾಳಿ ಕೊಡುವ ಸಾಧನ) ಹಾಕಿ, ಹಗ್ಗ ಕಟ್ಟಿಕೊಂಡು, ಮೇಲೆ ಹಗ್ಗ ಹಿಡಿಯುವವರು ಸಿದ್ಧರಾದ ಮೇಲೆ. ಬಿಎ ಸೆಟ್ಟಿನ 6.8 ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡಕ್ಕೆ ಸುಮಾರು 2,000 ಲೀಟರ್ ಗಾಳಿ. ಕಾಗದದ ಮೇಲೆ ಮುಕ್ಕಾಲು ಗಂಟೆ. ಮೈಮುರಿದು ಕೆಲಸ ಮಾಡುವಾಗ, ಅದರಲ್ಲೂ ಹೆದರಿದಾಗ, ಅರ್ಧ ಗಂಟೆಯೂ ಬರುವುದಿಲ್ಲ. 50 ಬಾರ್ ಆಸುಪಾಸಿಗೆ ಸೀಟಿ ಕೂಗುತ್ತದೆ. ಸೀಟಿ ಕೂಗಿದ ಮೇಲೆ ಹೊರಡುವುದಲ್ಲ, ಕೂಗುವ ಹೊತ್ತಿಗೆ ಹೊರಗಿರಬೇಕು. ಗಡ್ಡ ಬಿಟ್ಟಿದ್ದರೆ ಮುಖವಾಡ ಗಟ್ಟಿಯಾಗಿ ಕೂರುವುದಿಲ್ಲ. ಕಾಯುವ ಮನೆಯವರಿಗೆ ಈ ಸಿದ್ಧತೆಯ ನಿಮಿಷಗಳು ನಿಧಾನವೆನಿಸುತ್ತವೆ, ಬೈಗುಳವೂ ಬರುತ್ತದೆ. ಬೈಸಿಕೊಂಡರೂ ಕ್ರಮ ಬಿಡಬಾರದು.

ಬರೆ ಕುಸಿತದಲ್ಲಿ ಕೆಲಸ ಹೇಗಿರುತ್ತದೆ?

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ, 2019ರ ಆಗಸ್ಟಿನಲ್ಲಿ ತೋರದಲ್ಲಿ, 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿಯಲ್ಲಿ ಗುಡ್ಡ ಜಾರಿದ್ದನ್ನು ಯಾರೂ ಮರೆತಿಲ್ಲ. ಅಂಥ ಕಡೆ ಅಗ್ನಿಶಾಮಕ ಸಿಬ್ಬಂದಿ ಎನ್‌ಡಿಆರ್‌ಎಫ್, ಪೊಲೀಸ್, ಊರಿನ ಯುವಕರ ಜೊತೆ ಸೇರಿ ದುಡಿಯುತ್ತಾರೆ.

ಮೊದಲ ಕೆಲಸ ಅಗೆಯುವುದಲ್ಲ. ಮೇಲಿನ ಬರೆಯನ್ನೇ ನೋಡುತ್ತಾ ನಿಲ್ಲಲು ಒಬ್ಬರಿಗೆ ಸೀಟಿ ಕೊಟ್ಟು ನಿಲ್ಲಿಸುವುದು, ಓಡುವ ದಾರಿ ಪಕ್ಕಕ್ಕೆ ಎಂದು ಎಲ್ಲರಿಗೂ ತೋರಿಸುವುದು. ಜಾರಿದ ಗುಡ್ಡ ಮತ್ತೆ ಜಾರುತ್ತದೆ. ತಿಳಿಯಾಗಿ ಹರಿಯುತ್ತಿದ್ದ ತೋಡು ಕೆಂಪಾದರೆ, ಹರಿಯುತ್ತಿದ್ದದ್ದು ಥಟ್ಟನೆ ನಿಂತರೆ, ಮರಗಳು ಓರೆಯಾಗತೊಡಗಿದರೆ ಜಾಗ ಬಿಡಬೇಕು. ನಂತರ ಮನೆಯವರನ್ನು ಕೇಳಿ ಯಾರು ಯಾವ ಕೋಣೆಯಲ್ಲಿದ್ದರು ಎಂದು ತಿಳಿದುಕೊಳ್ಳುತ್ತಾರೆ. ಮಣ್ಣು ಮನೆಯನ್ನು ಕೆಳಕ್ಕೆ ಎಷ್ಟು ದೂರ ಸರಿಸಿದೆ ಎಂಬುದಕ್ಕೆ ಹೆಂಚು, ಪಾತ್ರೆ, ಬಾಗಿಲಿನ ಚೌಕಟ್ಟು ಸುಳಿವು ಕೊಡುತ್ತವೆ. ಆಗಾಗ ಜೆಸಿಬಿ ನಿಲ್ಲಿಸಿ, ಎಲ್ಲರೂ ಸುಮ್ಮನಾಗಿ, ಕಿವಿಗೊಡುತ್ತಾರೆ.

ಮನಸ್ಸಿಗೆ ಭಾರವಾಗುವುದಿಲ್ಲವೇ?

ಆಗುತ್ತದೆ. ಇದನ್ನು ಮುಚ್ಚಿಟ್ಟು ಯಾರನ್ನೂ ಈ ಕೆಲಸಕ್ಕೆ ಕರೆಯಬಾರದು. ಹೆಚ್ಚು ಕಾಡುವುದು ಹೊಳೆಯ ಕರೆ. ನೀರಿಗೆ ಬಿದ್ದವರು ಬದುಕಿ ಸಿಗುವ ಅವಕಾಶ ಕೆಲವೇ ನಿಮಿಷ. ಠಾಣೆಯಿಂದ ಹೊಳೆದಂಡೆಗೆ ತಲುಪುವುದರೊಳಗೆ ಅದು ಬಹುಪಾಲು ಮುಗಿದಿರುತ್ತದೆ. ಉಳಿಯುವುದು ಹುಡುಕಾಟ. ನೀರು ತಣ್ಣಗಿದ್ದಷ್ಟೂ ದೇಹ ತೇಲುವುದು ತಡ. ಹಗ್ಗಕ್ಕೆ ಕಟ್ಟಿದ ಕೊಕ್ಕೆಗಳ ಪಾತಾಳಗರಡಿ ಹಾಕಿ, ದೋಣಿಯಲ್ಲಿ ಸುತ್ತಿ, ಹೊಳೆಯ ಸುಳಿ ಬಲ್ಲ ಸ್ಥಳೀಯರನ್ನು ಕೇಳಿ ಹುಡುಕುವಾಗ ದಂಡೆಯ ಮೇಲೆ ತಾಯಿ ಕೂತಿರುತ್ತಾಳೆ. ಸಂಜೆ ಕತ್ತಲಾಗಿ ಹುಡುಕಾಟ ನಿಲ್ಲಿಸುತ್ತೇವೆ ಎಂದು ಅವಳಿಗೆ ಹೇಳುವುದು ಯಾವ ತರಬೇತಿಯಲ್ಲೂ ಸರಿಯಾಗಿ ಕಲಿಸಲಾಗದ ಕೆಲಸ. ನೇರವಾಗಿ, ಹತ್ತಿರ ಕೂತು, ನಾಳೆ ಎಷ್ಟು ಗಂಟೆಗೆ ಎಲ್ಲಿಂದ ಶುರು ಮಾಡುತ್ತೇವೆ ಎಂದು ಹೇಳಬೇಕು. ಸಿಗುತ್ತಾರೆ ಎಂದು ಸುಳ್ಳು ಭರವಸೆ ಕೊಡಬಾರದು.

ಕರೆ ಮುಗಿಸಿ ಬಂದ ಮೇಲೆ ಜೊತೆಯವರೊಂದಿಗೆ ಮಾತಾಡುವವರು ತಡೆದುಕೊಳ್ಳುತ್ತಾರೆ. ಒಬ್ಬರೇ ನುಂಗಿಕೊಂಡವರಿಗೆ, ಕುಡಿತದಲ್ಲಿ ಮರೆಯಲು ಹೋದವರಿಗೆ ಕಷ್ಟ. ನಿದ್ದೆ ವಾರಗಟ್ಟಲೆ ಬಾರದಿದ್ದರೆ ವೈದ್ಯರ ಬಳಿ ಹೋಗುವುದು ದೌರ್ಬಲ್ಯವಲ್ಲ.

ಆರೋಗ್ಯ ಕೆಡುತ್ತದಾ?

ಎಚ್ಚರ ತಪ್ಪಿದರೆ ಕೆಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಪ್ಲಾಸ್ಟಿಕ್, ಫೋಮ್ ಸುಟ್ಟ ಮಸಿ ಚರ್ಮದ ಮೂಲಕವೂ ಒಳಹೋಗುತ್ತದೆ. ಜ್ವಾಲೆ ಆರಿದ ಮೇಲೆ ಬೂದಿ ಕೆದಕುವಾಗ ಮುಖವಾಡ ತೆಗೆಯುವ ಅಭ್ಯಾಸ ಬಿಡಬೇಕು. ಮಸಿ ಹಿಡಿದ ಬಟ್ಟೆಯನ್ನು ಮನೆಗೆ ಒಯ್ಯಬಾರದು, ಠಾಣೆಯಲ್ಲೇ ತೊಳೆದು ಸ್ನಾನ ಮಾಡಿ ಹೋಗಬೇಕು. ಪ್ರವಾಹದ ನೀರಿನಲ್ಲಿ ಗಂಟೆಗಟ್ಟಲೆ ನಿಂತವರಿಗೆ ಇಲಿಜ್ವರದ ಭಯ. ಕಾಲಿನಲ್ಲಿ ಗಾಯ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದು. ನಲವತ್ತು ದಾಟಿದ ಮೇಲೆ ಹೆಚ್ಚಿನವರ ದೂರು ಸೊಂಟ, ಮಂಡಿಯದ್ದು.

ಹಬ್ಬಕ್ಕೆ ಮನೆಯಲ್ಲಿ ಇರಬಹುದಾ?

ಇರಲು ಆಗದ ಹಬ್ಬಗಳೇ ಹೆಚ್ಚು. ಮಡಿಕೇರಿ ದಸರಾದಲ್ಲಿ ಹತ್ತು ದೇವಸ್ಥಾನಗಳ ಮಂಟಪಗಳು ವಿಜಯದಶಮಿಯ ರಾತ್ರಿಯಿಡೀ ಬೆಳಕು, ಹೊಗೆ, ಜನರೇಟರ್‌ಗಳೊಂದಿಗೆ ಕಿಕ್ಕಿರಿದ ರಸ್ತೆಯಲ್ಲಿ ಸಾಗುವಾಗ ಅಗ್ನಿಶಾಮಕ ಸಿಬ್ಬಂದಿಗೆ ಅದು ಕರ್ತವ್ಯದ ರಾತ್ರಿ. ಮಳೆಗಾಲದ ಎಚ್ಚರಿಕೆ ಬಂದರೆ ರಜೆ ಸಿಗುವುದು ಕಷ್ಟ, ಹಾಗಾಗಿ ಸೆಪ್ಟೆಂಬರಿನ ಕೊಡವ ಹಬ್ಬ ಕೈಲ್‌ಪೋಳ್ದ್‌ಗೂ ಊರಿಗೆ ಹೋಗುವುದು ಖಾತ್ರಿಯಿಲ್ಲ. ಮದುವೆಯಾಗುವ ಮೊದಲೇ ಹುಡುಗಿಯ ಮನೆಯವರಿಗೆ ಇದನ್ನು ಹೇಳಿಬಿಡುವುದು ಉತ್ತಮ.

ಸೇರಲು ಏನು ಓದಿರಬೇಕು?

ಅಗ್ನಿಶಾಮಕ ಹುದ್ದೆಗೆ ಎಸ್ಸೆಸ್ಸೆಲ್ಸಿ, ಠಾಣಾಧಿಕಾರಿ ಹುದ್ದೆಗೆ ಪದವಿ, ಚಾಲಕ ಹುದ್ದೆಗೆ ಭಾರಿ ವಾಹನದ ಪರವಾನಗಿ. ಎತ್ತರ, ಎದೆಯಳತೆ, ಓಟದ ಪರೀಕ್ಷೆಗಳಿರುತ್ತವೆ, ಆಯಾ ಅಧಿಸೂಚನೆಯನ್ನೇ ಓದಿ ಅಳತೆ ನೋಡಿಕೊಳ್ಳಿ. ಮಾಜಿ ಸೈನಿಕರಿಗೆ ಮೀಸಲಾತಿ ಇದೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಇಲಾಖೆಯ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ. ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ, ಬಡ್ತಿಯೂ ನಿಧಾನ. ಇವೆರಡೂ ನಿಜವಾದ ಕೊರಗುಗಳು.

ನನಗೆ ಆಗುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ?

ನಾಲ್ಕು ವಿಷಯ ಪರೀಕ್ಷಿಸಿಕೊಳ್ಳಿ. ಹದಿನೈದು ಕೆ.ಜಿ. ಬೆನ್ನಿಗೆ ಹಾಕಿಕೊಂಡು ತೋಟದ ಏರನ್ನು ನಿಲ್ಲದೆ ಹತ್ತಿ, ಮೇಲೆ ತಲುಪಿದ ಕೂಡಲೇ ಸ್ಪಷ್ಟವಾಗಿ ಮಾತಾಡಲು ಆಗುತ್ತದೆಯೇ ನೋಡಿ. ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈ ಗೋಡೆ ಬಿಡದಂತೆ, ಮಂಡಿಯೂರಿ ನಿಮ್ಮದೇ ಮನೆಯ ಕೋಣೆಗಳನ್ನು ಸುತ್ತಿ ಬಂದ ದಾರಿಯಲ್ಲೇ ಹೊರಬನ್ನಿ. ಗಾಬರಿಯಾಗುವವರಿಗೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಗುರುಗಳ ಬಳಿ ಈಜು ಕಲಿಯಿರಿ, ಹೊಳೆಯಲ್ಲಿ ಒಬ್ಬರೇ ಪ್ರಯೋಗ ಮಾಡಬೇಡಿ. ನಾಲ್ಕನೆಯದು ಸುಲಭವೆಂದು ಕಂಡರೂ ಹೆಚ್ಚಿನವರು ಸೋಲುವುದು ಅಲ್ಲೇ: ಒಂದು ತಿಂಗಳು ಪ್ರತಿದಿನ ಅದೇ ಗಂಟು, ಅದೇ ಬೈಕಿನ ತಪಾಸಣೆ, ಅದೇ ಪುಸ್ತಕದಲ್ಲಿ ದಾಖಲೆ. ಹದಿನೈದನೇ ದಿನ ನೋಡದೆಯೇ ನೋಡಿದ್ದೇನೆ ಎಂದು ಬರೆದುಬಿಡುವ ಮನಸ್ಸಾದರೆ ಬೇರೆ ಕೆಲಸ ಹುಡುಕುವುದು ಎಲ್ಲರಿಗೂ ಕ್ಷೇಮ.

ಚಾಲಕರ ಕೆಲಸ ಹೇಗೆ?

ನೀರಿನ ತೂಕವೇ ನಾಲ್ಕೂವರೆ ಟನ್. ಅರ್ಧ ತುಂಬಿದ ಟ್ಯಾಂಕ್ ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು, ತಿರುವಿನಲ್ಲಿ ನೀರು ಒಂದು ಬದಿಗೆ ಉಕ್ಕಿ ವಾಹನವನ್ನು ವಾಲಿಸುತ್ತದೆ. ಸಂಪಾಜೆ ಘಾಟಿಯಂಥ ಇಳಿಜಾರಿನಲ್ಲಿ ಬ್ರೇಕನ್ನೇ ತುಳಿಯುತ್ತಾ ಹೋದರೆ ಅದು ಕಾದು ಹಿಡಿತ ಬಿಡುತ್ತದೆ, ಕೆಳ ಗೇರಿನಲ್ಲೇ ಇಳಿಯಬೇಕು. ಯಾವ ತೋಟದ ಮೋರಿ ಭಾರ ತಡೆಯುತ್ತದೆ, ಎಲ್ಲಿ ವಾಹನ ತಿರುಗಿಸಬಹುದು ಎಂದು ಬಾಯಿಪಾಠವಾಗಿರುವ ಚಾಲಕ ಠಾಣೆಯ ದೊಡ್ಡ ಆಸ್ತಿ.

ಕೆಲಸಕ್ಕೆ ಸೇರುವ ಯೋಚನೆ ಇಲ್ಲ, ಆದರೆ ನಮ್ಮಿಂದ ಏನಾದರೂ ಸಹಾಯ ಆಗಬಹುದಾ?

ಖಂಡಿತ. 101 ಅಥವಾ 112ಕ್ಕೆ ಕರೆ ಮಾಡಿದಾಗ ಊರು, ತೋಟದ ಹೆಸರು, ಮುಖ್ಯರಸ್ತೆಯಿಂದ ಯಾವ ಗುರುತಿನ ಬಳಿ ತಿರುಗಬೇಕು, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರೆಯೇ, ಹತ್ತಿರ ಕೆರೆ ಎಲ್ಲಿದೆ ಎಂದು ಹೇಳಿ. ಅವರು ಇಡುವವರೆಗೆ ಫೋನ್ ಇಡಬೇಡಿ. ಕೂಡಲೇ ತೋಟದ ಗೇಟು ತೆರೆದಿಡಿ, ದಾರಿಯಲ್ಲಿ ನಿಂತ ಜೀಪು, ಟ್ರ್ಯಾಕ್ಟರ್ ಪಕ್ಕಕ್ಕೆ ಹಾಕಿಸಿ. ರಾತ್ರಿಯಾದರೆ ಟಾರ್ಚ್ ಕೊಟ್ಟು ಒಬ್ಬರನ್ನು ರಸ್ತೆಯ ತಿರುವಿಗೆ ಕಳುಹಿಸಿ, ವಾಹನ ಬರುವವರೆಗೆ ಅವರು ಅಲ್ಲೇ ನಿಲ್ಲಲಿ.